ಸಂಜೆ ಹೊತ್ತಲ್ಲಿ ಸೈಕಲ್ಲಿನಲ್ಲಿ ಬಂದವನಿಗೆ ಊರು ಏನು ಹೇಳಬೇಕು?

‘ಇಲ್ಲಿ ಒಂದು ರಾತ್ರಿ ಮಲಗಬಹುದಾ?’

ಹೋದ ಜನವರಿಯ ಒಂದು ಸಂಜೆ ಈ ಪ್ರಶ್ನೆಯನ್ನು ಒಂದೇ ಊರಿನಲ್ಲಿ ಐದು ಜನರಿಗೆ ಕೇಳಿದೆ. ಯಾರೂ ‘ಆಗಲ್ಲ’ ಅನ್ನಲಿಲ್ಲ. ‘ಆಗುತ್ತೆ’ ಅಂತಲೂ ಅನ್ನಲಿಲ್ಲ. ಒಬ್ಬರು ಇನ್ನೊಬ್ಬರನ್ನು ತೋರಿಸಿದರು, ಅವರು ಮತ್ತೊಬ್ಬರನ್ನು ತೋರಿಸಿದರು. ಮೂರು ಗಂಟೆ ಕಳೆಯುವಷ್ಟರಲ್ಲಿ ಏಳೆಂಟು ಹುಡುಗರು ಟಾರ್ಚ್ ಹಿಡಿದು ನನ್ನ ಟೆಂಟಿನ ಸುತ್ತ ನಿಂತಿದ್ದರು. ಅಷ್ಟು ಹೊತ್ತಿಗಾಗಲೇ ನನ್ನ ಫೋಟೊ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿತ್ತು.

ಆ ಹುಡುಗರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಟಾರ್ಚ್ ಹಿಡಿದು ಬರುತ್ತಿದ್ದೆ. ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ: ಪರ ಊರಿನವನು ಬಂದು ಕೇಳುವ ಈ ಪ್ರಶ್ನೆಗೆ ನಮ್ಮ ಹಳ್ಳಿಗಳಲ್ಲಿ ಈಗ ಉತ್ತರವೇ ಇಲ್ಲ. ಹೂಂ ಅನ್ನುವುದಕ್ಕೂ ಯಾರಿಲ್ಲ, ಊಹೂಂ ಅನ್ನುವುದಕ್ಕೂ ಯಾರಿಲ್ಲ. ಉತ್ತರ ಇಲ್ಲದ ಕಡೆ ಗಾಳಿಸುದ್ದಿ ಬಂದು ಕೂರುತ್ತದೆ. ಅದರಿಂದ ನಮ್ಮ ರಾಜ್ಯದಲ್ಲೇ ಜೀವಗಳು ಹೋಗಿವೆ.

ಹೆಬ್ಬಾಳದಿಂದ ಹೊರಡುವವರು

ಶನಿವಾರ, ಭಾನುವಾರ ಬೆಳಗಿನ ಜಾವ ಹೆಬ್ಬಾಳ ಮೇಲ್ಸೇತುವೆಯ ಹತ್ತಿರ ನಿಂತು ನೋಡಿ. ತಲೆಗೆ ಹೆಲ್ಮೆಟ್, ಹಿಂದೆ ಮಿಣಮಿಣ ಕೆಂಪು ದೀಪ, ಹಿಂಡು ಹಿಂಡು ಸೈಕಲ್ಲುಗಳು ಬಳ್ಳಾರಿ ರಸ್ತೆ ಹಿಡಿದು ಯಲಹಂಕ, ದೇವನಹಳ್ಳಿ ಕಡೆ ಹೋಗುತ್ತವೆ. ಬಹಳ ಜನ ನಂದಿ ಬೆಟ್ಟ ಹತ್ತಿ, ದಾರಿಯಲ್ಲಿ ಇಡ್ಲಿ ತಿಂದು, ಬಿಸಿಲೇರುವ ಮುಂಚೆ ಮನೆ ಸೇರುತ್ತಾರೆ.

ಇನ್ನು ಕೆಲವರದ್ದು ಗಡಿಯಾರದ ಜೊತೆ ಓಟ. ‘ಬ್ರೆವೆ’ ಅಂತ ಅದರ ಹೆಸರು. ಪ್ಯಾರಿಸ್ಸಿನ ಒಂದು ಹಳೇ ಕ್ಲಬ್ಬು ಮಾಡಿದ ನಿಯಮ, ಈಗ ಬೆಂಗಳೂರಿನಲ್ಲೂ ನಡೆಯುತ್ತದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ. ನಿದ್ದೆ, ಊಟ, ಪಂಕ್ಚರ್ ಎಲ್ಲಾ ಆ ಲೆಕ್ಕದೊಳಗೇ.

ಮೂರನೆಯವರು ಒಂಟಿ ಸವಾರರು. ಇವರಿಗೆ ಗಡಿಯಾರದ ಹಂಗಿಲ್ಲ. ಕ್ಯಾರಿಯರ್ ಮೇಲೆ ಒಂದು ಪುಟ್ಟ ಟೆಂಟು, ಮಲಗುವ ಚೀಲ, ಪಂಕ್ಚರ್ ಸಾಮಾನು, ನೀರಿನ ಬಾಟಲಿ. ಎಲ್ಲಿ ಹೊತ್ತು ಮುಳುಗುತ್ತೋ ಅಲ್ಲಿ ತೋಪೋ ಬಯಲೋ ನೋಡಿ ಮಲಗಿ, ಬೆಳಗ್ಗೆ ಎದ್ದು ಹೊರಡುತ್ತಾರೆ. ‘ವೈಲ್ಡ್ ಕ್ಯಾಂಪಿಂಗ್’ ಅಂತಾರೆ ಇದಕ್ಕೆ. ಹೆಸರು ಕೇಳಿದರೆ ಕಾಡಿನಲ್ಲಿ ಅಂತ ಅನ್ನಿಸುತ್ತೆ. ಆದರೆ ಬೆಂಗಳೂರಿನ ಉತ್ತರಕ್ಕೆ ನೂರು ಕಿಲೋಮೀಟರ್ ಸುತ್ತ ಕಾಡು ಇರುವುದೇ ಬೆಟ್ಟದ ಮೇಲೆ. ಅಲ್ಲಿ ಅನುಮತಿ ಇಲ್ಲದೆ ರಾತ್ರಿ ಇರುವ ಹಾಗಿಲ್ಲ. ಹಾಗಾಗಿ ಇವರು ಕೊನೆಗೆ ಬಂದು ನಿಲ್ಲುವುದು ನಮ್ಮ ನಿಮ್ಮ ಊರಿನ ಅಂಚಿನಲ್ಲಿ.

ಆರ್.ಟಿ. ನಗರದಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಈ ಮೂರನೇ ಜಾತಿಯವನು. ‘ನೀನು ಹಳ್ಳಿ ಬಗ್ಗೆ ಬರೀತೀಯ, ಒಂದು ರಾತ್ರಿ ಗೊತ್ತಿಲ್ಲದ ಹಳ್ಳೀಲಿ ಮಲಗಿ ಬಾ ನೋಡೋಣ’ ಅಂದ. ಅವನದೇ ಸೈಕಲ್ಲು, ಅವನದೇ ಟೆಂಟು. ಬೆಳಗ್ಗೆ ಐದಕ್ಕೆ ಹೊರಟೆ.

ದಾರಿಯಲ್ಲಿ ಕಂಡದ್ದು

ಹೆಬ್ಬಾಳದಿಂದ ಯಲಹಂಕದವರೆಗೆ ನನ್ನ ಜೊತೆ ಸರ್ವಿಸ್ ರಸ್ತೆಯಲ್ಲಿ ಇನ್ನೂ ಕೆಲವು ಸೈಕಲ್ಲುಗಳಿದ್ದವು. ಹ್ಯಾಂಡಲ್ಲಿಗೆ ಊಟದ ಡಬ್ಬಿ ನೇತು ಹಾಕಿಕೊಂಡ ಗಾರೆ ಕೆಲಸದವರು, ಸೆಕ್ಯುರಿಟಿ ಡ್ಯೂಟಿ ಮುಗಿಸಿ ಮನೆಗೆ ಹೋಗುವವರು. ಅವರ ಸೈಕಲ್ಲಿಗೆ ದೀಪ ಇಲ್ಲ, ತಲೆಗೆ ಹೆಲ್ಮೆಟ್ ಇಲ್ಲ. ವಾರಕ್ಕೆ ಆರು ದಿನ ತುಳಿದರೂ ಅವರನ್ನು ಯಾರೂ ‘ಸೈಕ್ಲಿಸ್ಟ್’ ಅಂತ ಕರೆಯುವುದಿಲ್ಲ.

ಯಲಹಂಕ ದಾಟುವಾಗ ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲಿನ ಗುಡಿಸಲುಗಳು. ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು. ಹೊರಗೆ ಒಲೆ ಹೊತ್ತಿಸಿ ರೊಟ್ಟಿ ಬಡಿಯುತ್ತಿದ್ದರು. ಆಗ ಇದನ್ನು ಸುಮ್ಮನೆ ನೋಡಿಕೊಂಡು ಹೋದೆ. ರಾತ್ರಿ ಟೆಂಟಿನಲ್ಲಿ ಕೂತಾಗ ಮತ್ತೆ ನೆನಪಾಯಿತು.

ದೇವನಹಳ್ಳಿ ದಾಟಿ ನಂದಿ ಕಡೆ ತಿರುಗಿದರೆ ಗಾಳಿ ಬದಲಾಗುತ್ತದೆ. ದ್ರಾಕ್ಷಿ ತೋಟ, ಹೂವಿನ ಪಾಲಿಹೌಸು, ಅವರೆಕಾಯಿ ಮೂಟೆ ಹೇರಿಕೊಂಡ ಲಗೇಜ್ ಆಟೊ. ಬೆಟ್ಟ ಹತ್ತಲಿಲ್ಲ. ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಲ್ಲಿ ಸ್ವಲ್ಪ ಹೊತ್ತು ಕೂತೆ. ಒಳಗೆ ದೊಡ್ಡ ಕಲ್ಯಾಣಿ, ಸುತ್ತ ಕಲ್ಲಿನ ಮಂಟಪಗಳು. ಹಿಂದೆ ಪರ ಊರಿನಿಂದ ನಡೆದು ಬಂದವರು ಕಾಲು ತೊಳೆದು, ಆ ನೆರಳಲ್ಲಿ ಒರಗಿರಲೇಬೇಕು ಅನ್ನಿಸಿತು.

ಚಿಕ್ಕಬಳ್ಳಾಪುರ, ಮಂಚೇನಹಳ್ಳಿ ಮೇಲೆ ಗೌರಿಬಿದನೂರು. ದಾರಿಯುದ್ದಕ್ಕೂ ರಸ್ತೆಯೇ ಕಣ. ಹುರುಳಿ ಸೊಪ್ಪು ಹರಡಿ, ಕಾರು ಲಾರಿ ಹತ್ತಿ ಕಾಳು ಉದುರಲಿ ಅಂತ ಬಿಟ್ಟಿದ್ದರು. ಸೈಕಲ್ಲಿಗೆ ಅದು ಬಲು ಅಪಾಯ, ಚಕ್ರ ಜಾರುತ್ತದೆ. ಇಳಿದು ತಳ್ಳಿಕೊಂಡು ಹೋದೆ. ‘ಎಲ್ಲಿಗಪ್ಪಾ, ಪೆಟ್ರೋಲ್ ಖಾಲಿಯಾಯ್ತಾ?’ ಅಂತ ಕಣದಲ್ಲಿದ್ದ ಹೆಂಗಸರು ನಕ್ಕರು. ಹಗಲು ಹೊತ್ತಿನಲ್ಲಿ ಎಲ್ಲಾ ಊರೂ ಹೀಗೇ ಮಾತಾಡಿಸಿತು. ಯಾವೂರು, ಯಾಕೆ ಬಂದೆ, ಮದುವೆ ಆಗಿದೆಯಾ. ನೀರು ಕೇಳಿದ ಕಡೆ ಮಜ್ಜಿಗೆ ಕೊಟ್ಟರು.

ಗೌರಿಬಿದನೂರಿನಲ್ಲಿ ಊಟ ಮಾಡಿ ತೊಂಡೇಬಾವಿ ಮೇಲೆ ದೊಡ್ಡಬಳ್ಳಾಪುರದ ದಾರಿ ಹಿಡಿದೆ. ಸಂಜೆ ಆರು ಗಂಟೆಗೆ ಸುಮಾರು 120 ಕಿ.ಮೀ. ಆಗಿತ್ತು. ಮುಂದೆ ಮಾಕಳಿದುರ್ಗದ ಬೆಟ್ಟಸಾಲು ಕಪ್ಪಾಗುತ್ತಿತ್ತು. ಕಾಲು ಸೋತಿತ್ತು. ಮುಂದಿನ ಊರಿನಲ್ಲೇ ನಿಲ್ಲೋಣ ಅಂದುಕೊಂಡೆ. ಆ ಊರಿನ ಹೆಸರು ಬೇಡ. ಅದು ನಮ್ಮ ಯಾರ ಊರು ಬೇಕಾದರೂ ಆಗಬಹುದಿತ್ತು.

ಐದು ಜನ, ಒಂದು ಪ್ರಶ್ನೆ

ಮೊದಲು ಟೀ ಅಂಗಡಿ ಅಕ್ಕನನ್ನು ಕೇಳಿದೆ. ‘ಅಕ್ಕಾ, ಆ ತೋಪಿನಲ್ಲಿ ಟೆಂಟ್ ಹಾಕ್ಕೊಂಡು ಮಲಗಲಾ? ಬೆಳಗ್ಗೆ ಹೋಗ್ಬಿಡ್ತೀನಿ.’ ಆಕೆ ನನ್ನನ್ನೂ ಸೈಕಲ್ಲನ್ನೂ ನೋಡಿ, ‘ನಂಗೇನಪ್ಪಾ, ಪಂಚಾಯ್ತಿಯವರನ್ನ ಕೇಳು’ ಅಂದರು. ಗ್ರಾಮ ಪಂಚಾಯಿತಿ ಸದಸ್ಯರ ನಂಬರೂ ಅವರೇ ಕೊಟ್ಟರು. ಫೋನ್ ಮಾಡಿದರೆ, ‘ನಾನು ಟೌನಲ್ಲಿದ್ದೀನಿ, ದೇವಸ್ಥಾನದ ಹತ್ರ ವಿಚಾರಿಸಿ’ ಅಂದರು. ಅರ್ಚಕರು, ‘ಟ್ರಸ್ಟಿನವರು ಒಪ್ಪಬೇಕು, ಸ್ಕೂಲ್ ಜಗಲಿ ಇದೆಯಲ್ಲ’ ಅಂದರು. ಶಾಲೆಯ ಗೇಟಿಗೆ ಬೀಗ. ಪಕ್ಕದ ಮನೆಯ ಬಿಸಿಯೂಟದ ಅಮ್ಮ, ‘ಮೇಷ್ಟ್ರು ಊರಲ್ಲಿಲ್ಲ, ಡೈರಿ ಹತ್ರ ಕೇಳಿ’ ಅಂದರು. ಡೈರಿಯವರು ಸಂಜೆಯ ಹಾಲು ಅಳೆಯುತ್ತಾ, ‘ತೋಪು ಸರ್ಕಾರದ್ದಲ್ವಾ, ಯಾರನ್ನ ಕೇಳ್ಬೇಕೋ ಏನೋ’ ಅಂದರು.

ಯಾರೂ ಬೇಡ ಅನ್ನಲಿಲ್ಲವಲ್ಲ ಅಂತ ನಾನೇ ತೀರ್ಮಾನ ಮಾಡಿ ತೋಪಿನ ಒಂದು ಮೂಲೆಯಲ್ಲಿ ಟೆಂಟ್ ಹಾಕಿದೆ. ಅದು ನನ್ನ ತಪ್ಪು. ಬೇಡ ಅನ್ನದಿರುವುದು ಒಪ್ಪಿಗೆ ಅಲ್ಲ.

ಒಂಬತ್ತು ಗಂಟೆಗೆ ಹುಡುಗರು ಬಂದರು. ‘ಎವರು?’ ಅಂತ ಮೊದಲು ತೆಲುಗಿನಲ್ಲಿ, ಆಮೇಲೆ ‘ಯಾರ್ ನೀನು, ಆಚೆ ಬಾ’ ಅಂತ ಕನ್ನಡದಲ್ಲಿ. ಒಬ್ಬನ ಕೈಯಲ್ಲಿ ದೊಣ್ಣೆ. ಇನ್ನೊಬ್ಬ ವಿಡಿಯೊ ಮಾಡುತ್ತಿದ್ದ. ನಾನು ಕನ್ನಡದಲ್ಲಿ ಮಾತಾಡಿದೆ, ಜೇಬಿನಲ್ಲಿದ್ದ ಪತ್ರಿಕೆಯ ಗುರುತಿನ ಚೀಟಿ ತೋರಿಸಿದೆ. ‘ಅಯ್ಯೋ ಸಾರ್, ಮೊದ್ಲೇ ಹೇಳ್ಬಾರ್ದಾ’ ಅಂದರು. ಅಷ್ಟರಲ್ಲಿ ಟೀ ಅಂಗಡಿ ಅಕ್ಕನೂ ಬಂದರು. ‘ಕೇಳ್ಕೊಂಡೇ ಹಾಕವ್ನೆ ಕಣ್ರೋ, ಐದು ಮನೆ ತಿರುಗವ್ನೆ’ ಅಂದರು. ದೊಣ್ಣೆ ಕೆಳಗಿಳಿಯಿತು.

ಫೋಟೊ ಹಾಕಿದ್ದ ಹುಡುಗ ಗ್ರೂಪು ತೆರೆದು ತೋರಿಸಿದ. ‘ತೋಪಿನಲ್ಲಿ ಯಾರೋ ಅಪರಿಚಿತ ಬಂದು ಸೇರಿಕೊಂಡಿದ್ದಾನೆ. ಮಕ್ಕಳು ಹುಷಾರು’ ಅಂತ ಇತ್ತು. ಪಕ್ಕದ ಎರಡು ಊರಿನ ಗ್ರೂಪುಗಳಿಗೂ ಹೋಗಿತ್ತು.

ನನ್ನನ್ನು ಉಳಿಸಿದ್ದು ಮೂರು: ಭಾಷೆ, ಚೀಟಿ, ಆ ಅಕ್ಕ. ಅವತ್ತು ಅಲ್ಲಿ ಮಲಗಿದ್ದವನು ಒಡಿಶಾದ ಹುಡುಗನಾಗಿದ್ದರೆ? ಬಲೂನು ಮಾರುವವನಾಗಿದ್ದರೆ? ಬುದ್ಧಿ ಸ್ವಲ್ಪ ಹೆಚ್ಚು ಕಡಿಮೆ ಇರುವ ಯಾರೋ ಪಾಪದವನಾಗಿದ್ದರೆ?

2018ನ್ನು ಮರೆಯಬಾರದು

ಇದು ಬರೀ ಊಹೆಯಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಕಟ್ಟಿ ಹೊಡೆದರು, ಸತ್ತುಹೋದ. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನಕ್ಕೆ ಅಷ್ಟೇ ಸಾಕಾಯಿತು. ಸುದ್ದಿ ವಾಟ್ಸಾಪಿನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಎಂಬ ಊರಿನ ಹತ್ತಿರ ಜನ ಕಾದು ನಿಂತಿದ್ದರು. ಅವರಲ್ಲಿ ಒಬ್ಬ, ಸಾಫ್ಟ್‌ವೇರ್ ಎಂಜಿನಿಯರ್, ಅಲ್ಲೇ ಪ್ರಾಣ ಬಿಟ್ಟ.

ಆ ಘಟನೆಯಾದ ಕೆಲವೇ ದಿನಕ್ಕೆ ಸುಪ್ರೀಂ ಕೋರ್ಟ್ ಗುಂಪು ಹತ್ಯೆಯ ಬಗ್ಗೆ ಕಟ್ಟುನಿಟ್ಟಿನ ತೀರ್ಪು ಕೊಟ್ಟು, ಪ್ರತಿ ಜಿಲ್ಲೆಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕು ಅಂದಿತು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ಆದರೆ ನನ್ನ ಫೋಟೊ ಅರ್ಧ ಗಂಟೆಯಲ್ಲಿ ಮೂರು ಊರು ಸುತ್ತಲು ಮೂರೇ ಒತ್ತು ಸಾಕಾಗಿತ್ತು. ಕಂಪನಿಯ ಮಿತಿ ನಮ್ಮ ಬೆರಳಿಗೆ ಬುದ್ಧಿ ಹೇಳುವುದಿಲ್ಲ.

ಊರಿನ ಭಯವೂ ಸುಳ್ಳಲ್ಲ

ಮಾರನೇ ಬೆಳಗ್ಗೆ ಟೀ ಕುಡಿಯುವಾಗ ಫೋಟೊ ಹಾಕಿದ ಹುಡುಗ ಬಂದು ಪಕ್ಕದಲ್ಲಿ ಕೂತ. ‘ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ಹೋದ ತಿಂಗಳು ನಮ್ಮ ಬೋರ್‌ವೆಲ್ ಕೇಬಲ್ ಕದ್ಕೊಂಡು ಹೋದ್ರು. ಕೆರೆ ಹತ್ರ ಭಾನುವಾರ ಬಂದ್ರೆ ಬರೀ ಬಾಟ್ಲಿ ಚೂರು. ಎಮ್ಮೆ ಕಾಲು ಕುಯ್ಕೊಂತು. ನಾವ್ ಯಾರನ್ನ ನಂಬೋದು?’ ಅಂದ.

ಅವನ ಮಾತಿನಲ್ಲಿ ತಪ್ಪಿಲ್ಲ. ಕೇಬಲ್ ಕಳ್ಳತನದಿಂದ ಒಂದು ಬೆಳೆ ಒಣಗಬಹುದು. ಕುರಿ, ಮೇಕೆ ಕದಿಯುವವರು ರಾತ್ರಿಯೇ ಬರುವುದು. ನಗರದಿಂದ ಬಂದು ಕೆರೆ ಏರಿ ಮೇಲೆ ಕುಡಿದು, ಪಾಟು ಒಡೆದು, ಬೆಂಕಿ ಹಾಕಿ ಹೋಗುವವರು ಇದ್ದಾರೆ. ಸುಗ್ಗಿ ಕಾಲದಲ್ಲಿ ಒಂದು ಕಿಡಿ ಹಾರಿದರೆ ರಾಗಿ ಬಣವೆ, ಹುಲ್ಲಿನ ಮೆದೆ ಬೂದಿ. ಒಂದು ಮನೆಯ ವರ್ಷದ ಅನ್ನ, ದನದ ಮೇವು ಹೋದಂತೆ. ಅದಕ್ಕೆ ಹುಡುಗರು ಕಾವಲು ಕಾಯುವುದು ಸರಿ. ಗೊತ್ತಿಲ್ಲದವನನ್ನು ‘ಯಾರು ನೀನು’ ಅಂತ ಕೇಳುವುದೂ ಸರಿ.

ತಪ್ಪಿರುವುದು ಅವರು ಕೇಳುವ ಮುಂಚೆ ಕಳಿಸಿದರಲ್ಲ, ಅಲ್ಲಿ. ನನ್ನ ಹತ್ತಿರ ಬಂದು ಒಂದು ಮಾತು ಕೇಳಿ ಆಮೇಲೆ ಗ್ರೂಪಿಗೆ ಹಾಕಿದ್ದರೆ ಆ ಮೆಸೇಜಿನಲ್ಲಿ ‘ಅಪರಿಚಿತ’ ಅನ್ನುವ ಪದವೇ ಇರುತ್ತಿರಲಿಲ್ಲ.

ಹಿಂದಿನ ಕಾಲದ ಮಾತು

ಇಂಥ ಲೇಖನದಲ್ಲಿ ಈ ಜಾಗಕ್ಕೆ ಬಂದಾಗ ‘ಹಿಂದೆ ನಮ್ಮ ಹಳ್ಳಿಗಳು ಹೀಗಿರಲಿಲ್ಲ’ ಅಂತ ಬರೆಯುವುದು ಸುಲಭ. ಅರವಟ್ಟಿಗೆ ಇತ್ತು, ಛತ್ರ ಇತ್ತು, ಗಾಡಿ ಬಿಡುವುದಕ್ಕೆ ಗುಂಡುತೋಪು ಇತ್ತು, ಹೊರೆ ಇಳಿಸುವುದಕ್ಕೆ ಕಲ್ಲು ಇತ್ತು. ಎಲ್ಲಾ ನಿಜ. ದಾರಿಹೋಕರಿಗೆ ನೆರಳಾಗಲಿ ಅಂತ ಹುಲಿಕಲ್ಲು–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಬಿಂದಿಗೆಯಲ್ಲಿ ನೀರು ಹೊತ್ತು ಆಲದ ಮರ ಬೆಳೆಸಿದರು. ಆ ಗುಣ ನಮ್ಮ ಮಣ್ಣಿನಲ್ಲಿದೆ.

ಆದರೆ ಆ ಜಗಲಿ ಎಲ್ಲರಿಗೂ ಇರಲಿಲ್ಲ. ಛತ್ರದಲ್ಲಿ ಊಟಕ್ಕೆ ಕೂರುವ ಸಾಲು ಜಾತಿಯ ಲೆಕ್ಕದಲ್ಲಿತ್ತು. ಊರ ಬಾವಿ ಎಲ್ಲರದೂ ಆಗಿರಲಿಲ್ಲ. ಬಾಬಾಸಾಹೇಬ್ ಅಂಬೇಡ್ಕರ್ ಚಿಕ್ಕ ಹುಡುಗನಾಗಿದ್ದಾಗ, ಅಪ್ಪನನ್ನು ನೋಡಲು ಎತ್ತಿನ ಗಾಡಿಯಲ್ಲಿ ಹೊರಟು ರಾತ್ರಿಯೆಲ್ಲ ಕುಡಿಯಲು ನೀರು ಸಿಗದೆ ಕಳೆದದ್ದನ್ನು ತಾವೇ ಬರೆದಿದ್ದಾರೆ. ಮುಂದೆ ಅಮೆರಿಕದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ತಂಗಲು ಜಾಗ ಸಿಗದೆ, ಜಾತಿ ಮುಚ್ಚಿಟ್ಟು ಒಂದು ವಸತಿಗೃಹದಲ್ಲಿದ್ದರು. ಗೊತ್ತಾದ ದಿನ ಕೋಲು ಹಿಡಿದ ಗುಂಪು ಬಂದು ಬಾಗಿಲಲ್ಲಿ ನಿಂತಿತು. ಅಷ್ಟು ದೊಡ್ಡ ಓದಿನ ಮನುಷ್ಯ ಒಂದು ರಾತ್ರಿಯ ನೆಲೆಗಾಗಿ ಕಣ್ಣೀರು ಹಾಕಿದರು.

ಆದ್ದರಿಂದ ನಾನು ಕೇಳುತ್ತಿರುವುದು ಹಳೇ ಅತಿಥಿ ಸತ್ಕಾರವನ್ನಲ್ಲ. ಅದು ಮುಖ ನೋಡಿ ಮಣೆ ಹಾಕುತ್ತಿತ್ತು. ಈಗಲೂ ಹಾಗೇ ಇದೆ. ನನ್ನ ನೈಲಾನ್ ಟೆಂಟಿಗೆ ‘ಸಾರ್’ ಸಿಕ್ಕಿತು. ಯಲಹಂಕದಲ್ಲಿ ಬೆಳಗ್ಗೆ ಕಂಡ ಟಾರ್ಪಾಲಿನವರೋ, ಊರೂರು ತಿರುಗುವ ಅಲೆಮಾರಿಗಳೋ ಅದೇ ತೋಪಿನಲ್ಲಿ ಗುಡಾರ ಹಾಕಿದ್ದರೆ ‘ಬೆಳಗಾಗೋದ್ರೊಳಗೆ ಖಾಲಿ ಮಾಡಿ’ ಅನ್ನುವ ಮಾತು ಬರುತ್ತಿತ್ತು. ನಾನು ಮಾಡಿದ್ದು ಒಂದು ದಿನದ ಹವ್ಯಾಸ. ಅವರಿಗೆ ಅದೇ ಬದುಕು. ನಮಗೆ ಬೇಕಿರುವುದು ಮುಖ ನೋಡದ ಒಂದು ನಿಯಮ.

ಕುರಿಯವರು ಹೇಳಿಕೊಟ್ಟ ಪಾಠ

ಆ ನಿಯಮವನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಬೇಸಿಗೆಯಲ್ಲಿ ನಮ್ಮ ಬಯಲು ಸೀಮೆಗೆ ಕುರಿ ಹಿಂಡು ಹೊಡೆದುಕೊಂಡು ಬರುವವರನ್ನು ನೋಡಿದ್ದೀರಿ. ಅವರು ತಿಂಗಳುಗಟ್ಟಲೆ ಹೊರಗೇ ಮಲಗುವ ಜನ. ಆದರೆ ಸುಮ್ಮನೆ ಯಾರ ಹೊಲಕ್ಕೂ ನುಗ್ಗುವುದಿಲ್ಲ. ಮೊದಲು ಹೊಲದವನ ಹತ್ತಿರ ಮಾತಾಡುತ್ತಾರೆ. ಎಷ್ಟು ರಾತ್ರಿ ಮಂದೆ ನಿಲ್ಲಿಸಬೇಕು, ಅದಕ್ಕೆ ಎಷ್ಟು ಕಾಳು, ಎಷ್ಟು ದುಡ್ಡು ಅಂತ ಮಾತಾಗುತ್ತದೆ. ಹೊಲಕ್ಕೆ ಗೊಬ್ಬರ, ಅವರಿಗೆ ರಾತ್ರಿಯ ನೆಲೆ. ಹೋಗುವಾಗ ಹೊಲ ಮೊದಲಿಗಿಂತ ಚೆನ್ನಾಗಿರುತ್ತದೆ.

ಮೊದಲು ಕೇಳುವುದು, ಲೆಕ್ಕ ಮಾತಾಡುವುದು, ಹೋಗುವಾಗ ಜಾಗ ಹಾಳು ಮಾಡದಿರುವುದು. ಇದಕ್ಕಿಂತ ಒಳ್ಳೆಯ ನಿಯಮ ಯಾವ ದೇಶದಲ್ಲೂ ಇಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಒಂದು ಕಾನೂನಿನ ಪ್ರಕಾರ ಜನ ಬಯಲಿನಲ್ಲಿ, ಬೆಟ್ಟದಲ್ಲಿ ಜವಾಬ್ದಾರಿಯಿಂದ ಟೆಂಟ್ ಹಾಕಿ ಮಲಗಬಹುದು. ಸ್ವೀಡನ್ನಿನಲ್ಲಿ ಅದು ಹಳೇ ಕಾಲದಿಂದ ಬಂದ ಹಕ್ಕು. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬಯಲಿನಲ್ಲಿ ಜಮೀನಿನ ಒಡೆಯರೊಬ್ಬರು ಇದರ ವಿರುದ್ಧ ಕೋರ್ಟಿಗೆ ಹೋದರು. 2025ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನರ ಪರವಾಗಿ ತೀರ್ಪು ಕೊಟ್ಟಿತು. ನಮ್ಮಲ್ಲಿ ಅಂಥ ಹಕ್ಕು ಬೇಕು ಅಂತ ನಾನು ಹೇಳುವುದಿಲ್ಲ. ನಮ್ಮ ಜಮೀನು ತುಂಡು ತುಂಡು, ಪ್ರತಿ ಗುಂಟೆಯಲ್ಲೂ ಬೆಳೆ ಇದೆ. ನಮಗೆ ಹಕ್ಕಿಗಿಂತ ಒಂದು ಜಾಗ, ಒಬ್ಬ ಜವಾಬ್ದಾರ ಮನುಷ್ಯ ಸಾಕು.

ಪಂಚಾಯಿತಿ ಮಾಡಬಹುದಾದ್ದು

ಒಂದು, ಜಾಗ. ಪಹಣಿಯಲ್ಲಿ ‘ಗುಂಡುತೋಪು’ ಅಂತ ಇರುವ ಜಾಗ ನೆಲದ ಮೇಲೂ ಇದೆಯಾ ನೋಡಿ. ಬೆಂಗಳೂರು ಹತ್ತಿರವಾದಷ್ಟೂ ಇಂಥ ಸಾರ್ವಜನಿಕ ಜಾಗಗಳ ಮೇಲೆ ಕಣ್ಣು ಜಾಸ್ತಿ. ಬಳಕೆಯಲ್ಲಿರುವ ತೋಪನ್ನು ಒತ್ತುವರಿ ಮಾಡುವುದು ಕಷ್ಟ. ಅಲ್ಲಿ ಒಂದು ನಲ್ಲಿ, ಒಂದು ಶೌಚಾಲಯ, ಒಂದು ದೀಪ ಇದ್ದರೆ ದಾರಿಹೋಕನಿಗೂ ಆಯಿತು, ಜಾತ್ರೆಗೆ ಬಂದವರಿಗೂ ಆಯಿತು, ಕುರಿಯವರಿಗೂ ಆಯಿತು.

ಎರಡು, ಒಂದು ಪುಸ್ತಕ. ಹೆಸರು, ಊರು, ಫೋನ್ ನಂಬರ್, ಗುರುತಿನ ಚೀಟಿಯ ನಂಬರ್, ಯಾವಾಗ ಬಂದರು, ಯಾವಾಗ ಹೊರಡುತ್ತಾರೆ. ವಾಟರ್‌ಮ್ಯಾನ್ ಹತ್ತಿರವೋ, ಗ್ರಂಥಾಲಯದಲ್ಲೋ ಇಡಬಹುದು. ಒಂದು ರಾತ್ರಿಗೆ ಇಷ್ಟು ಅಂತ ಸಣ್ಣ ಶುಲ್ಕ ಇಡಲಿ, ಪಂಚಾಯಿತಿಗೆ ರಸೀದಿ ಸಹಿತ ಬರಲಿ. ದುಡ್ಡು ಕೊಡಲಾಗದ ಅಲೆಮಾರಿ ಕುಟುಂಬಕ್ಕೆ ಶುಲ್ಕ ಬೇಡ. ಆದರೆ ಅದೇ ಪುಸ್ತಕ, ಅದೇ ಜಾಗ, ಅದೇ ನಲ್ಲಿ.

ಮೂರು, ಅದೇ ವಾಟ್ಸಾಪ್ ಗ್ರೂಪು. ‘ಇವತ್ತು ತೋಪಿನಲ್ಲಿ ಸೈಕಲ್ ಸವಾರರೊಬ್ಬರು ತಂಗಿದ್ದಾರೆ. ಪಂಚಾಯಿತಿಗೆ ಗೊತ್ತಿದೆ. ಬೆಳಗ್ಗೆ ಹೊರಡುತ್ತಾರೆ.’ ಇಷ್ಟು ಹಾಕಿದರೆ ಭಯ ಹಬ್ಬಿಸುವ ಫೋನೇ ಕಾವಲು ಕಾಯುತ್ತದೆ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಬೇಕು ಅಂತಲೂ ಅದರಲ್ಲೇ ಬರೆಯಲಿ.

‘ಹೆಣ್ಣುಮಗಳು ಒಬ್ಬಳೇ ಬಂದರೆ?’ ಅಂತ ಆ ಅಕ್ಕ ನನ್ನನ್ನು ಕೇಳಿದರು. ಆಗ ಈ ಪುಸ್ತಕ ಇನ್ನೂ ಹೆಚ್ಚು ಬೇಕು. 2025ರ ಮಾರ್ಚಿನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರದ ಕಾಲುವೆ ಹತ್ತಿರ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತಿದೆ. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ, ಕಾಲುವೆಗೆ ತಳ್ಳಿಸಿಕೊಂಡ ಮೂವರಲ್ಲಿ ಒಬ್ಬನ ಸಾವು. ಊರಿಗೆ ಗೊತ್ತಿದ್ದು, ದೀಪ ಇರುವ ಕಡೆ, ಮನೆಗಳ ಹತ್ತಿರ ಮಲಗುವುದಕ್ಕೂ, ಯಾರಿಗೂ ಹೇಳದೆ ಕತ್ತಲಲ್ಲಿ ಮಲಗುವುದಕ್ಕೂ ಇರುವ ವ್ಯತ್ಯಾಸ ಜೀವದ ವ್ಯತ್ಯಾಸ.

‘ಪಂಚಾಯ್ತಿಗೆ ನೀರು, ಚರಂಡಿ ನೋಡೋಕೇ ಆಗಲ್ಲ, ಇದೆಲ್ಲಾ ಯಾರು ಮಾಡ್ತಾರೆ?’ ಅನ್ನಬಹುದು. ನ್ಯಾಯವಾದ ಮಾತೇ. ಆದರೆ ಇದಕ್ಕೆ ದೊಡ್ಡ ಬಜೆಟ್ ಬೇಡ. ಒಂದು ನೋಟ್ ಪುಸ್ತಕ, ಒಬ್ಬರ ಫೋನ್ ನಂಬರ್, ಗ್ರಾಮಸಭೆಯಲ್ಲಿ ಒಂದು ನಿರ್ಣಯ. ನಲ್ಲಿ, ಶೌಚಾಲಯ ಆಮೇಲೆ ಬರಲಿ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವವರು ನಿಲ್ಲುವುದಿಲ್ಲ, ಹೆಚ್ಚುತ್ತಲೇ ಹೋಗುತ್ತಾರೆ. ಅವರ ದುಡ್ಡು ಈಗ ಬೇಲಿ ಹಾಕಿದ ರೆಸಾರ್ಟುಗಳಿಗೆ ಹೋಗುತ್ತದೆ, ಕಸ ಮಾತ್ರ ಊರಿಗೆ ಬರುತ್ತದೆ. ಟೀ ಅಂಗಡಿ ಅಕ್ಕನಿಗೂ ನಾಲ್ಕು ಊಟದ ವ್ಯಾಪಾರ ಆದರೆ ಬೇಡ ಅನ್ನುವವರಾರು?

ಸವಾರರಿಗೂ ಒಂದು ಮಾತು

ಸೈಕಲ್ ತುಳಿಯುವ ಗೆಳೆಯರೇ, ಹೊತ್ತು ಮುಳುಗುವ ಮುಂಚೆ ಊರಿಗೆ ಬನ್ನಿ. ಕತ್ತಲಾದ ಮೇಲೆ ಬಂದವನು ಎಷ್ಟು ಒಳ್ಳೆಯವನಾದರೂ ಕಳ್ಳನ ಹಾಗೇ ಕಾಣುತ್ತಾನೆ. ಕೇಳಿ, ಹೂಂ ಅನ್ನಿಸಿಕೊಂಡೇ ಟೆಂಟ್ ಬಿಚ್ಚಿ. ನನ್ನ ಹಾಗೆ ಮಾಡಬೇಡಿ. ಬೆಂಕಿ ಹಾಕಬೇಡಿ. ಕುಡಿಯಬೇಡಿ. ಮಕ್ಕಳಿಗೆ ಚಾಕೊಲೇಟ್ ಕೊಡಬೇಡಿ, ಹೆಂಗಸರ, ಮಕ್ಕಳ ಫೋಟೊ ತೆಗೆಯಬೇಡಿ. ಕೆರೆ ಅಂಗಳ ಬೇಡ, ಸ್ಮಶಾನ ಬೇಡ, ಬೆಳೆ ಇರುವ ಹೊಲ ಬೇಡ. ಮಾಕಳಿದುರ್ಗ, ಸ್ಕಂದಗಿರಿಯಂಥ ಬೆಟ್ಟಗಳಿಗೆ ಆನ್‌ಲೈನ್ ಬುಕಿಂಗ್ ಇದೆ, ಅದನ್ನು ತಪ್ಪಿಸಿ ಹತ್ತಬೇಡಿ. ನಿಮ್ಮ ಕಸ ನಿಮ್ಮ ಚೀಲದಲ್ಲೇ ವಾಪಸ್ ಹೋಗಲಿ.

ಆ ರಾತ್ರಿ ಅಕ್ಕ ನನ್ನನ್ನು ತೋಪಿನಲ್ಲಿ ಬಿಡಲಿಲ್ಲ. ಅವರ ಮನೆ ಪಕ್ಕದ ಕಣದಲ್ಲಿ ಟೆಂಟ್ ಹಾಕಿಸಿದರು. ದೊಣ್ಣೆ ಹಿಡಿದಿದ್ದ ಹುಡುಗನೇ ಸೈಕಲ್ ತಳ್ಳಿಕೊಂಡು ಬಂದ. ಅವರೆಕಾಳು ಸಾರು, ಮುದ್ದೆ ಆಯಿತು. ಬೆಳಗ್ಗೆ ದುಡ್ಡು ಕೊಡಲು ಹೋದರೆ, ‘ಟೀದು ಮಾತ್ರ ಕೊಡು’ ಅಂದರು. ಹತ್ತು ರೂಪಾಯಿ ಕೊಟ್ಟು ಘಾಟಿ ಕಡೆ ಹೊರಟೆ.

ಒಬ್ಬ ಅಕ್ಕನ ಒಳ್ಳೆಯತನದಿಂದ ನನ್ನ ರಾತ್ರಿ ಕಳೆಯಿತು. ಆಕೆ ಅವತ್ತು ಅಂಗಡಿ ಮುಚ್ಚಿ ನೆಂಟರ ಊರಿಗೆ ಹೋಗಿದ್ದರೆ? ಗುರುತಿಲ್ಲದವನ ಜೀವ ಯಾರೋ ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು. ಗ್ರಾಮಸಭೆ ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಲೇಬೇಕು. ಮುಂದಿನ ಸಲ ನಿಮ್ಮೂರಲ್ಲಿ ನಡೆದಾಗ ಎದ್ದು ನಿಂತು ಇದೊಂದನ್ನು ಕೇಳಿ: ‘ಪರ ಊರಿನವರು ಸಂಜೆ ಬಂದು ಇಲ್ಲಿ ಮಲಗಬಹುದಾ ಅಂದ್ರೆ, ನಮ್ಮೂರಲ್ಲಿ ಯಾರು ಉತ್ತರ ಹೇಳ್ತಾರೆ?’

ಒಂದು ಹೆಸರು, ಒಂದು ಫೋನ್ ನಂಬರ್ ಸಿಗುವವರೆಗೂ ಕೂರಬೇಡಿ.